ಬಾಣಂತಿಯ ಸಿಹಿಬಯಕೆ

ಎದೆಹಾಲುಣಿಸುವ ತಿಂಗಳುಗಳಲ್ಲಿ ಅನೇಕ ತಾಯಂದಿರಿಗೆ, ಊಟವಾದ ಸ್ವಲ್ಪ ಹೊತ್ತಿಗೇ ಅಥವಾ ನಡುರಾತ್ರಿ ಮಗುವಿಗೆ ಹಾಲೂಡಿಸಿದ ಬೆನ್ನಿಗೇ, ಸಿಹಿ ತಿನ್ನಬೇಕೆಂಬ ಬಯಕೆ ಬಲವಾಗಿ ಹುಟ್ಟುತ್ತದೆ. ಇದನ್ನು ಬರಿಯ ಚಪಲವೆಂದು ಗದರುವವರೂ, ಹಾಲು ಹೆಚ್ಚಲು ಸಿಹಿ ಬೇಕೇ ಬೇಕೆಂದು ಒತ್ತಾಯಿಸುವವರೂ ಒಂದೇ ಮನೆಯಲ್ಲಿರುವುದುಂಟು. ಆದರೆ ಈ ಬಯಕೆಯ ಹಿಂದೆ ಬಹುಮಟ್ಟಿಗೆ ಇರುವುದು ಹಸಿವು ಮತ್ತು ದಣಿವು.

ಎದೆಹಾಲಿನ ಸಿಹಿಗೆ ಕಾರಣ ಲ್ಯಾಕ್ಟೋಸ್ ಎಂಬ ಸಕ್ಕರೆ. ನೂರು ಮಿಲಿಲೀಟರ್ ಹಾಲಿನಲ್ಲಿ ಇದು ಸುಮಾರು 7 ಗ್ರಾಂ ಇರುತ್ತದೆಯಾದ್ದರಿಂದ, ದಿನಕ್ಕೆ 750 ಮಿಲಿಲೀಟರ್‌ನಷ್ಟು ಹಾಲೂಡಿಸುವ ತಾಯಿಯ ದೇಹದಿಂದ 50 ಗ್ರಾಂಗೂ ಹೆಚ್ಚು ಲ್ಯಾಕ್ಟೋಸ್ ಮಗುವಿಗೆ ಸಲ್ಲುತ್ತದೆ. ಸ್ತನದ ಜೀವಕೋಶಗಳು ರಕ್ತದಲ್ಲಿರುವ ಗ್ಲೂಕೋಸನ್ನು ಬಳಸಿ ಇದನ್ನು ತಯಾರಿಸುತ್ತವೆ. ಆ ಗ್ಲೂಕೋಸ್ ಅನ್ನ, ರಾಗಿ, ಕಾಳುಗಳಿಂದಲೂ ಒದಗುವುದರಿಂದ, ತಾಯಿ ಹೆಚ್ಚು ಸಕ್ಕರೆ ತಿಂದ ಮಾತ್ರಕ್ಕೆ ಹಾಲಿನ ಸಿಹಿಯಾಗಲಿ ಪ್ರಮಾಣವಾಗಲಿ ಏರುವುದಿಲ್ಲ. ಹಾಲಿನ ಪ್ರಮಾಣ ಮುಖ್ಯವಾಗಿ ಮಗು ಎಷ್ಟು ಸಲ, ಎಷ್ಟು ಚೆನ್ನಾಗಿ ಚೀಪಿ ಎದೆಯನ್ನು ಬರಿದು ಮಾಡುತ್ತದೆ ಎಂಬುದನ್ನು ಅವಲಂಬಿಸಿದೆ.

ಹಾಲಿನ ತಯಾರಿಕೆಗೆ ಶಕ್ತಿ ಬೇಕು. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಶಿಫಾರಸಿನಂತೆ, ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕಿಲೋಕ್ಯಾಲೊರಿ, ಅನಂತರದ ಆರು ತಿಂಗಳು 520 ಕಿಲೋಕ್ಯಾಲೊರಿ ಹೆಚ್ಚುವರಿ ಆಹಾರ ಅಗತ್ಯ. ಇದು ಸಿಗದಿದ್ದಾಗ ದೇಹವು ಬೇಗ ಶಕ್ತಿ ಕೊಡುವ ಸಿಹಿಯತ್ತ ಮನಸ್ಸನ್ನು ಎಳೆಯುತ್ತದೆ. ನಿದ್ದೆಗೆಟ್ಟಾಗ ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಿ, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ತಗ್ಗುವುದನ್ನು ಕೆಲವು ಅಧ್ಯಯನಗಳು ತೋರಿಸಿವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆತೋಟದ ಸೀಮೆಯಲ್ಲಿ, ಬೇಗಾರ್‌ನಂತಹ ಊರುಗಳಲ್ಲಿಯೂ ಮಲೆನಾಡಿನ ಇತರೆಡೆಯಂತೆ, ಬಾಣಂತನದ ಅಡುಗೆಯಲ್ಲಿ ಸಿಹಿಗೆ ಹಳೆಯ ಸ್ಥಾನವಿದೆ. ಒಣಶುಂಠಿ, ಕಾಳುಮೆಣಸು ಕೂಡಿದ ಲೇಹ್ಯ, ಮೆಂತ್ಯದ ಗಂಜಿ, ಕೊಬ್ಬರಿ ಮತ್ತು ಖರ್ಜೂರ ಹಾಕಿದ ಅಂಟಿನುಂಡೆ ಇವುಗಳಲ್ಲಿ ಬೆಲ್ಲವು ತುಪ್ಪ, ನಾರು, ಕಾಳುಗಳೊಡನೆ ಬೆರೆತು, ಅಳತೆಯಲ್ಲಿ, ಹೊತ್ತಿಗೆ ಸರಿಯಾಗಿ ಹೊಟ್ಟೆ ಸೇರುತ್ತದೆ. ಕೊಬ್ಬು ಮತ್ತು ನಾರು ಜೊತೆಗಿದ್ದರೆ ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗುವುದರಿಂದ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಆದರೆ ಬೆಲ್ಲವಾಗಲಿ ಜೋನಿಬೆಲ್ಲವಾಗಲಿ ಹೆಚ್ಚಿನಂಶ ಸಕ್ಕರೆಯೇ ಆಗಿರುವುದರಿಂದ, ಅದನ್ನು ಔಷಧವೆಂದು ಎಣಿಸಿ ಲೆಕ್ಕವಿಲ್ಲದೆ ತಿನ್ನುವುದು ಸರಿಯಲ್ಲ.

ಈಗಿನ ತೊಡಕು ಬೇರೆಡೆಯಿದೆ. ಬಾಣಂತಿಗೆ ತರಕಾರಿ, ಹಣ್ಣು, ನೀರುಗಳಲ್ಲಿ ಪಥ್ಯ ಹೇರಿ, ನಡುವಿನ ಹಸಿವಿಗೆ ಬಿಸ್ಕತ್ತು ಮತ್ತು ಸಿಹಿ ಕಾಫಿ ಕೊಟ್ಟಾಗ ಪೋಷಣೆಯಿಲ್ಲದ ಸಕ್ಕರೆ ಮಾತ್ರ ಹೆಚ್ಚುತ್ತದೆ. ಆಹಾರಕ್ಕೆ ಬೆರೆಸಿದ ಸಕ್ಕರೆ, ಬೆಲ್ಲ, ಜೇನುತುಪ್ಪಗಳು ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ದಿನಕ್ಕೆ 2,250 ಕಿಲೋಕ್ಯಾಲೊರಿ ಉಣ್ಣುವ ತಾಯಿಗೆ ಇದು ಸುಮಾರು 55 ಗ್ರಾಂ. ಎರಡೆರಡು ಚಮಚ ಸಕ್ಕರೆ ಹಾಕಿದ ಐದು ಲೋಟ ಕಾಫಿಯಲ್ಲೇ 40 ಗ್ರಾಂಗೂ ಮಿಕ್ಕಿ ಮುಗಿದುಹೋಗುತ್ತದೆ.

ಬಯಕೆ ಬಂದಾಗ ಮೊದಲು ನೀರು ಕುಡಿದು, ಬಳಿಕ ಬಾಳೆಹಣ್ಣು, ನೆಲಗಡಲೆ, ಬೇಯಿಸಿದ ಕಾಳು, ಮೊಸರು ಅಥವಾ ಮೊಟ್ಟೆಯಂತಹ ಆಹಾರ ತಿಂದು, ಆಮೇಲೂ ಬೇಕೆನಿಸಿದರೆ ಒಂದು ಅಂಟಿನುಂಡೆಯಲ್ಲಿ ತೃಪ್ತಿಪಡುವುದು ಲೇಸು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯ ಮೂಲಕ ಬಾಣಂತಿಗೆ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾಚಿಕ್ಕಿಗಳನ್ನು ಒದಗಿಸಲು ರೂಪುಗೊಂಡಿತು. ಆದರೆ ಮನೆಗಳು ದೂರದೂರ ಚದುರಿರುವ ಮಲೆನಾಡಿನಲ್ಲಿ ಹಸುಗೂಸಿನ ತಾಯಿ ದಿನವೂ ಅಲ್ಲಿಗೆ ನಡೆದು ಹೋಗುವುದು ಸುಲಭವಲ್ಲವಾದ್ದರಿಂದ, ಮನೆಯ ಊಟವೇ ಮುಖ್ಯವಾಗುತ್ತದೆ.

ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರು ಹೆರಿಗೆಯಾದ 6ರಿಂದ 12 ವಾರಗಳೊಳಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದ ಸುಸ್ತು ಇದ್ದರೆ ಯಾರೇ ಆಗಲಿ ವೈದ್ಯರನ್ನು ಕಾಣಬೇಕು. ಉಳಿದಂತೆ, ತಾಯಿಯ ಸಿಹಿಬಯಕೆಯನ್ನು ಹಳಿಯುವ ಬದಲು ಅವಳಿಗೆ ಹೊತ್ತುಹೊತ್ತಿಗೆ ಹೊಟ್ಟೆತುಂಬ ಬಡಿಸಿ, ಹಗಲಿನಲ್ಲಿ ಒಂದೆರಡು ಗಂಟೆ ಮಗುವನ್ನು ನೋಡಿಕೊಂಡು ಅವಳನ್ನು ಮಲಗಗೊಡುವುದು ಮನೆಯವರೆಲ್ಲರ ಹೊಣೆ.