ಸರ್ಪಗಂಧ: ಮುಂಬಯಿಯಲ್ಲಿ ಒರೆಗೆ ಹತ್ತಿದ ಬೇರು

ಊರಿನಿಂದ ಬರುವ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿಗಳ ಜೊತೆಗೆ ಒಮ್ಮೊಮ್ಮೆ ನಾರುಬೇರಿನ ಪೊಟ್ಟಣವೂ ಇರುವುದುಂಟು. ಗ್ರಾಂಟ್ ರೋಡಿನ ಚಾಳಿನಲ್ಲಾಗಲಿ, ಉಪನಗರದ ಮನೆಯಲ್ಲಾಗಲಿ, ಬರಿಯ ಬೇರಿನಿಂದ ಕೇಡೇನು ಎಂದು ಅದನ್ನು ತೇಯ್ದು ಸೇವಿಸುವವರಿದ್ದಾರೆ. ಸರ್ಪಗಂಧದ ಮಟ್ಟಿಗೆ ಈ ನಂಬಿಕೆ ಸಲ್ಲದು.

ಸರ್ಪಗಂಧವು ಪಶ್ಚಿಮ ಘಟ್ಟದ ತೇವವುಳ್ಳ ಕಾಡುಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಗಿಡ. ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆಗಳು, ಕೆಂಪು ತೊಟ್ಟಿನ ಬಿಳಿಯ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಪುಟ್ಟ ಹಣ್ಣು ಇದರ ಲಕ್ಷಣಗಳು. ಔಷಧಕ್ಕೆ ಒದಗುವುದು ಬಲು ಕಹಿಯಾದ ಬೇರು. ಅದರ ಸತ್ವವು ಹೆಚ್ಚಾಗಿ ತೊಗಟೆಯಲ್ಲಿರುತ್ತದೆ. ನಿದ್ರಾನಾಶ, ಉನ್ಮಾದ ಮೊದಲಾದ ವ್ಯಾಧಿಗಳಿಗೆ ದೇಶೀಯ ವೈದ್ಯರು ಇದನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಬಿಹಾರದ ಕಡೆ ಇದಕ್ಕೆ ‘ಹುಚ್ಚಿನ ಮದ್ದು’ ಎಂಬರ್ಥದ ಹೆಸರೇ ಇದೆ.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು, ಈ ಬೇರು ಉನ್ಮಾದವನ್ನಲ್ಲದೆ ರಕ್ತದೊತ್ತಡವನ್ನೂ ತಗ್ಗಿಸುವುದೆಂದು ಪ್ರಕಟಿಸಿದರು. ಆದರೆ ಲೋಕದ ಕಣ್ಣು ಇತ್ತ ತಿರುಗಿದ್ದು ಮುಂಬಯಿಯಿಂದ. ಗ್ರಾಂಟ್ ರೋಡಿಗೆ ಬಹು ದೂರವಲ್ಲದ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ವೈದ್ಯ ಡಾ. ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. 1957ರಲ್ಲಿ ಡಾ. ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು.

ನರಗಳ ತುದಿಯಲ್ಲಿ ಸಂಗ್ರಹವಾಗಿದ್ದು ರಕ್ತನಾಳಗಳನ್ನು ಬಿಗಿಗೊಳಿಸುವ ರಾಸಾಯನಿಕವನ್ನು ರಿಸರ್ಪಿನ್ ಬರಿದುಮಾಡುತ್ತದೆ. ನಾಳಗಳು ಸಡಿಲಗೊಂಡು ಒತ್ತಡವು ನಿಧಾನವಾಗಿ ಇಳಿಯುತ್ತದೆ. ಪೂರ್ಣ ಗುಣ ಕಾಣಲು ಕೆಲವು ವಾರಗಳೇ ಬೇಕು. ಆದರೆ ಇದೇ ಕ್ರಿಯೆ ಮೆದುಳಿನಲ್ಲೂ ನಡೆಯುವುದರಿಂದ ಮಂಪರು, ಕೆಲವರಲ್ಲಿ ತೀವ್ರವಾದ ಖಿನ್ನತೆ ತಲೆದೋರಬಹುದು. ಮೂಗು ಕಟ್ಟುವುದು, ಜಠರದ ಹುಣ್ಣು ಉಲ್ಬಣಿಸುವುದು ಇತರ ತೊಂದರೆಗಳು. ಈ ಕಾರಣಗಳಿಂದ, ಹೊಸ ಔಷಧಗಳು ಬಂದ ಬಳಿಕ ರಿಸರ್ಪಿನ್‌ನ ಬಳಕೆ ಬಹಳ ಕಡಿಮೆಯಾಗಿದೆ.

ಆದ್ದರಿಂದ ವಾಚಕರು ಕೆಲವು ಮಾತುಗಳನ್ನು ನೆನಪಿಡಬೇಕು. ವೈದ್ಯರು ಕೊಟ್ಟ ಗುಳಿಗೆಗಳನ್ನು ಬಿಟ್ಟು ಈ ಬೇರನ್ನು ಹಿಡಿಯುವುದೂ, ಎರಡನ್ನೂ ಗುಟ್ಟಾಗಿ ಒಟ್ಟಿಗೆ ಸೇವಿಸುವುದೂ ಅಪಾಯಕರ. ಗರ್ಭಿಣಿಯರು, ಹಾಲೂಡುವ ತಾಯಂದಿರು, ಖಿನ್ನತೆ ಅಥವಾ ಜಠರದ ಹುಣ್ಣು ಉಳ್ಳವರು ಇದನ್ನು ಮುಟ್ಟಲಾಗದು. ಹೆಸರಿನಲ್ಲಿ ಸರ್ಪವಿದೆಯೆಂದು ಹಾವಿನ ಕಡಿತಕ್ಕೆ ಇದನ್ನು ನೆಚ್ಚಬಾರದು. ಅಲ್ಲಿ ಆಸ್ಪತ್ರೆಯ ಪ್ರತಿವಿಷವೇ ಗತಿ.

ಇನ್ನೊಂದು ಮಾತು. ಬೇರನ್ನು ಕಿತ್ತರೆ ಗಿಡವೇ ಅಳಿಯುತ್ತದೆ. ಕಾಡಿನಿಂದ ಎಗ್ಗಿಲ್ಲದೆ ಅಗೆದುದರ ಫಲವಾಗಿ ಸರ್ಪಗಂಧ ವಿರಳವಾಗಿ, 1990ರಿಂದ ಅಂತರರಾಷ್ಟ್ರೀಯ ಒಪ್ಪಂದದ ಮೇರೆಗೆ ಅದರ ವಿದೇಶ ವ್ಯಾಪಾರ ನಿಯಂತ್ರಣಕ್ಕೊಳಗಾಗಿದೆ. ಬಲ್ಲ ವೈದ್ಯರ ಕೈಯಲ್ಲಿ ಮದ್ದಾಗುವ ಬೇರು ಅರಿಯದವರ ಕೈಯಲ್ಲಿ ವಿಷವಾದೀತು. ಊರಿನ ಪೊಟ್ಟಣವನ್ನು ಬಿಚ್ಚುವ ಮುನ್ನ ವೈದ್ಯರಿಗೆ ತೋರಿಸುವುದೇ ವಿವೇಕ.