ಗದ್ದಲದ ಅಂಚಿನಲ್ಲೊಂದು ಜಾಲ

ಭೂಕಂಪವೋ ಕಾಳ್ಗಿಚ್ಚೋ ಬಂದು ಇಂಟರ್ನೆಟ್ ಕೈಕೊಟ್ಟಾಗಲೂ ಪರಿಹಾರ ಕೇಂದ್ರಗಳ ನಡುವೆ ಮಾತು, ಚಿತ್ರ, ಕಡತಗಳು ಓಡಾಡುತ್ತಿರಬೇಕು. ಅದಕ್ಕೆಂದೇ ಅಮೆರಿಕದ ಹ್ಯಾಮ್ ರೇಡಿಯೊ ಹವ್ಯಾಸಿಗಳು ಎ.ಆರ್.ಇ.ಡಿ.ಎನ್. ಎಂಬ ಮೆಶ್ ಜಾಲವನ್ನು ಕಟ್ಟಿಕೊಂಡಿದ್ದಾರೆ. ಇಂಥ ಜಾಲಕ್ಕೆ ಅವರ ಸಮುದಾಯ ಮೊದಲು ಬಳಸಿದ್ದು ಮನೆಗಳಲ್ಲಿರುತ್ತಿದ್ದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರನ್ನು. ಅದರ ತಂತ್ರಾಂಶದ ಮೂಲ ಸಂಕೇತ 2003ರಲ್ಲಿ ಬಹಿರಂಗವಾದದ್ದೇ ತಡ, ತಿದ್ದುವ ಕೈಗಳಿಗೆ ದಾರಿ ಸಿಕ್ಕಿತು. ಈಗ ಯುಬಿಕ್ವಿಟಿ, ಮೈಕ್ರೋಟಿಕ್‌ನಂಥ ಕಂಪನಿಗಳ ಹೊರಾಂಗಣ ರೇಡಿಯೊಗಳು ಬಳಕೆಯಲ್ಲಿವೆ. ಜಾಲದ ಫರ್ಮ್‌ವೇರ್ ತುಂಬಿ, ಮಾಲೀಕರ ಕಾಲ್‌ಸೈನ್ ಕೊಟ್ಟು ಕಂಬಕ್ಕೇರಿಸಿದರೆ ಆಯಿತು, ನೆರೆಯ ನೋಡ್‌ಗಳನ್ನು ರೇಡಿಯೊ ತಾನೇ ಹುಡುಕಿಕೊಳ್ಳುತ್ತದೆ.

ನನಗೆ ಬಹಳ ಸೊಗಸೆನಿಸುವುದು ಅವರ ಚಾನೆಲ್ ಆಯ್ಕೆ. 2.4 ಗಿಗಾಹರ್ಟ್ಸ್‌ನಲ್ಲಿ ವೈಫೈ ಗದ್ದಲ ತುಂಬಿರುತ್ತದೆ. ಆದರೆ ವೈಫೈಯ 1ನೇ ಚಾನೆಲ್ ಶುರುವಾಗುವುದು ಸುಮಾರು 2402 ಮೆಗಾಹರ್ಟ್ಸ್‌ನಲ್ಲಿ. ಅಮೆರಿಕದ ಹ್ಯಾಮ್ ಬ್ಯಾಂಡ್ 2390ರಿಂದಲೇ ತೆರೆದುಕೊಳ್ಳುತ್ತದೆ. ಹಾಗಾಗಿ ಪರವಾನಗಿ ಪಡೆದವರು ರೇಡಿಯೊವನ್ನು 2397ಕ್ಕೆ ಇಳಿಸಿ, ಅಗಲವನ್ನು 20ರಿಂದ 10 ಮೆಗಾಹರ್ಟ್ಸ್‌ಗೆ ಕಿರಿದುಗೊಳಿಸುತ್ತಾರೆ. ಈ ಚಾನೆಲ್ಲಿನ ಅಂಕೆ ಮೈನಸ್ 2. ಅಗಲ ಅರ್ಧವಾದರೆ ವೇಗವೂ ಅರ್ಧವಾಗುತ್ತದೆ, ನಿಜ. ಆದರೆ ಅಷ್ಟೇ ಶಕ್ತಿ ಇಕ್ಕಟ್ಟಿನಲ್ಲಿ ಒಟ್ಟಾಗುವುದರಿಂದ ಗದ್ದಲದೆದುರು ಸಂಕೇತ 3 ಡೆಸಿಬೆಲ್ ಮೇಲೇಳುತ್ತದೆ. 20ರಿಂದ 5ಕ್ಕೆ ಇಳಿಸಿದರೆ ಲಾಭ 6 ಡೆಸಿಬೆಲ್. ಅಡ್ಡಿಯಿಲ್ಲದ ಬಯಲಿನಲ್ಲಿ ಅದು ಇಮ್ಮಡಿ ದೂರಕ್ಕೆ ಸಮ. ಒಂದು ವ್ಯಾಟ್ ಕೂಡ ಹೆಚ್ಚಿಸದೆ ಗಳಿಸಿದ ದೂರವಿದು!

ದೂರದ ಕೊಂಡಿಗೆ ಡಿಶ್ ಬೇಕು, ಗುರಿ ಹಿಡಿಯುವ ತಾಳ್ಮೆಯೂ ಬೇಕು. ಎದುರಿನ ಗುಡ್ಡ ಕಣ್ಣಿಗೆ ಕಂಡರಷ್ಟೇ ಸಾಲದು. 10 ಕಿಲೋಮೀಟರ್ ಕೊಂಡಿಯಲ್ಲಿ, 5.8 ಗಿಗಾಹರ್ಟ್ಸ್‌ನ ಅಲೆಗೆ ನಡುದಾರಿಯಲ್ಲಿ ಸುತ್ತಲೂ ಸುಮಾರು 11 ಮೀಟರ್ ಹರಹು ಇರುತ್ತದೆ. ಅದರ ಹೆಚ್ಚಿನ ಪಾಲನ್ನು ಮರದ ತುದಿಗಳು ಮುಟ್ಟಬಾರದು.

ಆಂಟೆನಾಕ್ಕೆ ಅಂಟಿಕೊಂಡೇ ರೇಡಿಯೊ ಇರುವುದು ಇನ್ನೊಂದು ಜಾಣತನ. ಇಷ್ಟು ಎತ್ತರದ ಆವರ್ತನದಲ್ಲಿ ಉದ್ದನೆಯ ಕೊಆಕ್ಸಿಯಲ್ ಕೇಬಲ್ ಎಳೆದರೆ ಸಂಕೇತವೆಲ್ಲ ಅದರಲ್ಲೇ ಸೋರಿಹೋಗುತ್ತದೆ. ಇಲ್ಲಿ ಕಂಬ ಹತ್ತುವುದು ಒಂದೇ ಈಥರ್ನೆಟ್ ಕೇಬಲ್. ಮಾಹಿತಿ, ವಿದ್ಯುತ್ತು ಎರಡೂ ಅದರಲ್ಲೇ. ಇಂಥ ಹಲವು ರೇಡಿಯೊಗಳು ಬಯಸುವುದು 24 ವೋಲ್ಟ್. ಕರೆಂಟು ಹೋದ ದಿನ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ನೋಡ್ ಕೆಲಸ ಮುಂದುವರಿಸುತ್ತದೆ.