ಹಿಂದಿನ ಆಕ್ಸಲಿನ ಹಲ್ಲುಗಳ ಲೆಕ್ಕ

ಏರುದಾರಿಯಲ್ಲಿ ಗಿಯರ್ ಸೈಕಲ್ ತುಳಿದವರಿಗೆ ಒಂದು ಸಂಗತಿ ಗೊತ್ತಿದೆ. ಹಿಂದಿನ ಹಲ್ಲುಚಕ್ರ ದೊಡ್ಡದಾದಷ್ಟೂ ತುಳಿಯುವುದು ಹಗುರ; ಆದರೆ ಅಷ್ಟೇ ದೂರಕ್ಕೆ ಹೆಚ್ಚು ಸಲ ತುಳಿಯಬೇಕು. ಸರಕು ಹೊರುವ ಪಿಕಪ್ ಗಾಡಿಯಲ್ಲಿಯೂ ಇದೇ ಕೊಡು-ಕೊಳ್ಳುವ ವ್ಯವಹಾರ ನಡೆಯುತ್ತದೆ. ಗಾಡಿ ಕೊಳ್ಳುವಾಗ ಎಂಜಿನ್ನಿನ ಅಶ್ವಶಕ್ತಿ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಆ ಶಕ್ತಿ ಗಾಲಿಯನ್ನು ಹೇಗೆ ಮುಟ್ಟುತ್ತದೆಂದು ಕೇಳುವವರು ವಿರಳ.

ಪಿಕಪ್ಪಿನ ಹಿಂಭಾಗದಲ್ಲಿ ಬಗ್ಗಿ ನೋಡಿರಿ. ಎರಡು ಗಾಲಿಗಳ ನಡುವೆ ಉಬ್ಬಿಕೊಂಡಿರುವ ಕಬ್ಬಿಣದ ಗೂಡೊಂದು ಕಾಣುತ್ತದೆ. ಎಂಜಿನ್ನಿನ ಕಡೆಯಿಂದ ಬಂದ ಷಾಫ್ಟು ಅದರೊಳಗಿನ ಚಿಕ್ಕ ಪಿನಿಯನ್ನನ್ನು ತಿರುಗಿಸುತ್ತದೆ. ಪಿನಿಯನ್ನು ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆಕ್ಸಲ್ ಪ್ರಮಾಣ.

ಇದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ಫೋರ್ಡ್ ಗಾಡಿಗಳು. 1925ರಲ್ಲಿ ಆ ಕಂಪನಿಯು ತನ್ನ ಮಾಡೆಲ್ ಟಿ ಕಾರಿಗೆ ಸರಕಿನ ತೊಟ್ಟಿಯನ್ನು ಕೂಡಿಸಿ ಪಿಕಪ್ ಎಂದು ಮಾರಿತು. ಅದರ ಎಂಜಿನ್ನಿಗೆ 20 ಅಶ್ವಶಕ್ತಿ. ಕ್ರೌನಿಗೆ 40 ಹಲ್ಲು, ಪಿನಿಯನ್ನಿಗೆ 11. ಎಂದರೆ ಪ್ರಮಾಣ 3.64. ಇದಕ್ಕೂ ಮೊದಲೇ, 1917ರಲ್ಲಿ, ಒಂದು ಟನ್ ಹೊರುವ ಟಿಟಿ ಲಾರಿ ಬಂದಿತ್ತು. ಎಂಜಿನ್ನು ಅದೇ, ಆದರೆ ಹಿಂದಿನ ಆಕ್ಸಲಿನ ಪ್ರಮಾಣ 7.25. ಎಂಜಿನ್ನು ಒಂದೇ ಸಮನೆ ತಿರುಗುತ್ತಿದ್ದರೆ, ಲಾರಿಯ ಆಕ್ಸಲಿಗೆ ಸಿಕ್ಕುವ ತಿರುಗುಬಲ ಸುಮಾರು ಎರಡರಷ್ಟು. ಗಾಲಿಯ ಸುತ್ತುಗಳು ಸುಮಾರು ಅರ್ಧದಷ್ಟು. ಶಕ್ತಿ ಹೆಚ್ಚಲಿಲ್ಲ, ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆದದ್ದಾಯಿತು.

ಇತ್ತೀಚಿನ ಫೋರ್ಡ್ ಎಫ್-150 ಪಿಕಪ್ಪುಗಳಲ್ಲಿಯೂ 3.31, 3.55, 3.73 ಎಂಬ ಬೇರೆ ಬೇರೆ ಪ್ರಮಾಣಗಳು ಬಂದಿವೆ. 3.31ರ ಗಾಡಿಯ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವ ವೇಗದಲ್ಲಿ, ಅದೇ ಗಿಯರಿನಲ್ಲಿರುವ 3.73ರ ಗಾಡಿಯ ಎಂಜಿನ್ನು ಸುಮಾರು 2250 ಸುತ್ತು ತಿರುಗಬೇಕು. ಬರಿಗಾಡಿಯಲ್ಲಿ ದೂರ ಓಡಾಡುವವರಿಗೆ ಇದು ಇಂಧನದ ನಷ್ಟ, ಸದ್ದಿನ ಕಿರುಕುಳ. ಭಾರ ಎಳೆಯುವವರಿಗಾದರೋ ಗಾಲಿಯಲ್ಲಿ ನೂರಕ್ಕೆ 12ಕ್ಕೂ ಹೆಚ್ಚು ಬಲದ ಲಾಭ. ಈಗಿನ ಗಾಡಿಗಳಲ್ಲಿ ಗಿಯರುಗಳು ಹಲವಿರುವುದರಿಂದ ಈ ಅಂತರ ಸ್ವಲ್ಪ ತಗ್ಗುತ್ತದೆ, ಇಲ್ಲವಾಗುವುದಿಲ್ಲ.

ತಪ್ಪು ಆಯ್ಕೆಯ ಫಲ ಘಾಟಿಯಲ್ಲಿ ತಿಳಿಯುತ್ತದೆ. ಪ್ರಮಾಣ ಕಡಿಮೆಯಿರುವ ಗಾಡಿಗೆ ಮಿತಿಮೀರಿ ಹೇರಿದರೆ, ಏರಿನಲ್ಲಿ ಹೊರಡಿಸುವಾಗ ಚಾಲಕನು ಕ್ಲಚ್ಚನ್ನು ಅರೆಬರೆ ಒತ್ತಿಹಿಡಿಯಬೇಕಾಗುತ್ತದೆ. ಪ್ಲೇಟು ಸುಟ್ಟು ನಾರುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ಸಾಲದೆ ಬ್ರೇಕುಗಳೇ ಭಾರವನ್ನೆಲ್ಲ ತಡೆಯಬೇಕಾಗಿ, ಅವು ಕಾದು ಸೋಲುವ ಅಪಾಯವುಂಟು. ಇಲ್ಲಿ ಪ್ರಶ್ನೆ ಹಣದ್ದಲ್ಲ, ಪ್ರಾಣದ್ದು.

ಇನ್ನೊಂದು ಎಚ್ಚರಿಕೆ. ಚೆಂದಕ್ಕೆಂದು ದೊಡ್ಡ ಟೈರು ಹಾಕಿಸುವವರಿದ್ದಾರೆ. ಟೈರಿನ ಎತ್ತರ ನೂರಕ್ಕೆ 10 ಹೆಚ್ಚಿದರೆ 3.73ರ ಆಕ್ಸಲು ಸುಮಾರು 3.39ರಂತೆ ವರ್ತಿಸುತ್ತದೆ. ಎಳೆಯುವ ಬಲ ತಗ್ಗುತ್ತದೆ. ವೇಗಮಾಪಕವೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಆದಕಾರಣ, ಗಾಡಿ ಕೊಳ್ಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿರಿ: ವರ್ಷದ ಬಹುಪಾಲು ದಿನ ನಾನು ಹೇರುವ ಭಾರವೆಷ್ಟು, ಹೋಗುವ ದಾರಿ ಎಂಥದು? ಉತ್ತರ ಸಿಕ್ಕ ಮೇಲೆ ಮಾರುವವರ ಬಳಿ ಆಕ್ಸಲ್ ಪ್ರಮಾಣವನ್ನು ಕೇಳಿರಿ. ಬಣ್ಣವನ್ನು ಆಮೇಲೆ ಆರಿಸಬಹುದು.